ಸೊನ್ನೆಗಳ ಸೊಬಗು

ಕ್ರಿಕೆಟ್ಟಿನ ರನ್ನುಗಳ ಹೊಳೆಯಲ್ಲಿ ಮೀಯುವ ನಮಗೆ, ಇಡೀ ಪಂದ್ಯದಲ್ಲಿ ಒಂದೇ ಒಂದು ರನ್ ಬಂದಿತೆಂದರೆ ಅದೆಂಥ ಆಟವೆಂದು ತೋರುವುದು ಸಹಜ. ಇಂದು ನಾನು ಹೇಳಹೊರಟಿರುವುದು ಅಂಥದೊಂದು ಆಟದ ಸಂಗತಿ. 1965ನೆಯ ಇಸವಿ ಸೆಪ್ಟೆಂಬರ್ 9ರ ರಾತ್ರಿ ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ, ಆ ಊರಿನ ಡಾಜರ್ಸ್ ತಂಡಕ್ಕೂ ಷಿಕಾಗೋದ ಕಬ್ಸ್ ತಂಡಕ್ಕೂ ನಡೆದ ಬೇಸ್‌ಬಾಲ್ ಪಂದ್ಯವದು.

ಈ ಆಟದಲ್ಲಿ ಚೆಂಡು ನೆಲದಿಂದ ಪುಟಿದು ಬರುವುದಿಲ್ಲ. 60 ಅಡಿ 6 ಅಂಗುಲ ದೂರದಿಂದ ನೇರವಾಗಿ ದಾಂಡಿಗನೆಡೆಗೆ ಬರುತ್ತದೆ. ಎಸೆಯುವವನು ಪಿಚರ್. ಸರಿಯಾದ ಮೂರು ಎಸೆತಗಳಿಗೆ ಉತ್ತರ ಕೊಡಲಾರದ ದಾಂಡಿಗ ಔಟ್. ಮೂವರು ಔಟಾದರೆ ಒಂದು ಸರದಿ ಮುಗಿಯಿತು, ಅಂಥವು ಒಂಬತ್ತು. ಎದುರಾಳಿಗಳಲ್ಲಿ ಒಬ್ಬನಿಗೂ ಮೊದಲ ಬೇಸನ್ನು ಮುಟ್ಟಗೊಡದೆ, ಬಂದ 27 ಮಂದಿಯನ್ನೂ ಸಾಲಾಗಿ ಹಿಂದಿರುಗಿಸಿದರೆ ಅದನ್ನು ಪರಿಪೂರ್ಣ ಆಟವೆನ್ನುತ್ತಾರೆ.

ಆ ರಾತ್ರಿ ಡಾಜರ್ಸ್ ತಂಡದ ಸ್ಯಾಂಡಿ ಕೋಫ್ಯಾಕ್ಸ್ ಮಾಡಿದ್ದು ಅದನ್ನೇ. ಅವನ ಸರಿಯಾದ ಮೂರು ಎಸೆತಗಳಿಗೆ ಉತ್ತರ ಕೊಡಲಾರದೆ ಔಟಾದವರೇ 14 ಮಂದಿ. ಕೊನೆಯ ಆರು ಮಂದಿಯೂ ಹಾಗೆಯೇ ಹೋದರು. ಎದುರು ಪಕ್ಷದ ಪಿಚರ್ ಬಾಬ್ ಹೆಂಡ್ಲಿ ಕೋಫ್ಯಾಕ್ಸನಂತೆಯೇ ಎಡಗೈಯವನು, ಆದರೆ ಅವನಷ್ಟು ಹೆಸರಾದವನಲ್ಲ. ಅವನೂ ಇಡೀ ಪಂದ್ಯದಲ್ಲಿ ಕೊಟ್ಟದ್ದು ಒಂದೇ ಹೊಡೆತ.

ಸೋಜಿಗವೆಂದರೆ, ಪಂದ್ಯವನ್ನು ತೀರ್ಮಾನಿಸಿದ್ದು ಆ ಹೊಡೆತವೂ ಅಲ್ಲ. ಐದನೆಯ ಸರದಿಯಲ್ಲಿ ಲೂ ಜಾನ್ಸನ್ ಎಂಬವನಿಗೆ, ನಾಲ್ಕು ಎಸೆತಗಳು ಗುರಿತಪ್ಪಿದ ಕಾರಣ, ಮೊದಲ ಬೇಸು ಧರ್ಮಕ್ಕೆ ದೊರಕಿತು. ಜತೆಗಾರನು ತಾನು ಔಟಾಗಿ ಅವನನ್ನು ಎರಡನೆಯ ಬೇಸಿಗೆ ಸಾಗಿಸಿದ. ಜಾನ್ಸನ್ ಮೂರನೆಯದಕ್ಕೆ ಕದ್ದೋಡಿದ. ಅವನನ್ನು ತಡೆಯಲೆಂದು ಕಬ್ಸ್ ತಂಡದ ಕ್ಯಾಚರ್ ಕ್ರಿಸ್ ಕ್ರಗ್ ಎಸೆದ ಚೆಂಡು ಕೈಮೀರಿ ಮೈದಾನಕ್ಕೆ ಹಾರಿತು; ಜಾನ್ಸನ್ ಮನೆ ಸೇರಿದ. ಒಂದು ರನ್! ಏಳನೆಯ ಸರದಿಯಲ್ಲಿ ಆ ಒಂದೇ ಹೊಡೆತವನ್ನು ಹೊಡೆದವನೂ ಅದೇ ಜಾನ್ಸನ್. ಆದರೆ ಅದರಿಂದ ಫಲವೇನೂ ಬರಲಿಲ್ಲ. ಒಂಬತ್ತನೆಯ ಸರದಿಯಲ್ಲಿ ಕೋಫ್ಯಾಕ್ಸನ ಮುಂದೆ ಮೊದಲು ಬಂದು ನಿಂತವನು ಅದೇ ಕ್ರಗ್. ತನ್ನ ತಪ್ಪನ್ನು ತಿದ್ದಿಕೊಳ್ಳುವ ಅವಕಾಶ ಅವನಿಗೆ ದಕ್ಕಲಿಲ್ಲ.

ಬಾನುಲಿಯ ಮೂಲಕ ಮಾತನಾಡುತ್ತಿರುವ ನಾನು ಇನ್ನೊಬ್ಬನನ್ನು ನೆನೆಯಲೇಬೇಕು. ಅಂದು ರೇಡಿಯೋದಲ್ಲಿ ವೀಕ್ಷಕ ವಿವರಣೆ ನೀಡಿದವನು ವಿನ್ ಸ್ಕಲ್ಲಿ. ಆ ಕೊನೆಯ ಸರದಿಯ ಮಾತುಗಳನ್ನು ಬಲ್ಲವರು ಇಂದಿಗೂ ಸಾಹಿತ್ಯವೆಂದೇ ಮೆಚ್ಚುತ್ತಾರೆ. ನಡುನಡುವೆ ಅವನು ಗಡಿಯಾರ ನೋಡಿ ಹೊತ್ತು ಹೇಳುತ್ತಿದ್ದ; ಕೊನೆಯ ದಾಂಡಿಗ ಔಟಾದಾಗ ಮಾತು ನಿಲ್ಲಿಸಿ, ಜನರ ಹರ್ಷಧ್ವನಿಯನ್ನಷ್ಟೇ ಕೇಳಗೊಟ್ಟ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಅರಿತವನೇ ಮಾತು ಬಲ್ಲವನು. ನಮ್ಮ ಲಾಕ್ಷಣಿಕರು ಔಚಿತ್ಯವೆಂದದ್ದು ಇದನ್ನೇ ಅಲ್ಲವೆ?

ಆದರೂ ನನ್ನ ಮನಸ್ಸು ಮರಳಿ ಮರಳಿ ಹೋಗುವುದು ಹೆಂಡ್ಲಿಯ ಕಡೆಗೆ. ಬೇರಾವ ದಿನವಾಗಿದ್ದರೂ ಅಂದಿನ ಅವನ ಆಟ ಅವನನ್ನು ಗೆಲ್ಲಿಸಬಹುದಾಗಿತ್ತು. ತನ್ನ ಕೆಲಸದಲ್ಲಿ ಹೆಚ್ಚೇನೂ ಕುಂದಿಲ್ಲದಿದ್ದರೂ ಅವನು ಸೋತ. ಐದು ದಿನಗಳ ಬಳಿಕ ಅವರಿಬ್ಬರೂ ಷಿಕಾಗೋದಲ್ಲಿ ಮತ್ತೆ ಎದುರುಬದುರಾದರು. ಈ ಸಲ 2–1ರಿಂದ ಗೆದ್ದವನು ಹೆಂಡ್ಲಿ. ಆ ಗೆಲವನ್ನು ನೆನೆಯುವವರು ಕಡಮೆ. ಕೋಫ್ಯಾಕ್ಸನಾದರೋ ಎಡ ಮೊಣಕೈಯ ಸಂಧಿವಾತದಿಂದ ನರಳಿ, 1966ರಲ್ಲಿ ತನ್ನ ಮೂವತ್ತನೆಯ ವಯಸ್ಸಿಗೇ ಆಟದಿಂದ ನಿವೃತ್ತನಾದ. ಪರಿಪೂರ್ಣತೆಗೂ ಕೈ ಬೆಲೆ ತೆರಬೇಕಾಯಿತು.

ಫಲಕದ ಮೇಲೆ ಸಾಲುಸಾಲಾಗಿ ನಿಂತ ಸೊನ್ನೆಗಳನ್ನು ಕಂಡು, ಏನೂ ನಡೆಯಲಿಲ್ಲವೆಂದು ಎದ್ದು ಹೋಗುವವನು ಆಟವನ್ನು ಕಂಡವನಲ್ಲ. ಒಂದೊಂದು ಸೊನ್ನೆಯ ಹಿಂದೆಯೂ ಒಬ್ಬನ ತಪಸ್ಸಿದೆ. ಗೆದ್ದವನ ಹೆಸರನ್ನು ಇತಿಹಾಸ ಬರೆದಿಟ್ಟುಕೊಳ್ಳುತ್ತದೆ. ಸೋತವನ ಹೆಚ್ಚಳವನ್ನು ನೆನಪಿಡುವ ಹೊಣೆ ಸಹೃದಯರಾದ ನಮ್ಮದು.