ಎಣ್ಣೆಯಲ್ಲದ ಎಣ್ಣೆ



ಶಬ್ದಕ್ಕೂ ಅದು ಸೂಚಿಸುವ ವಸ್ತುವಿಗೂ ಇರುವ ಸಂಬಂಧವನ್ನು ನಮ್ಮ ಪ್ರಾಚೀನರು ವಿಸ್ತಾರವಾಗಿ ಚರ್ಚಿಸಿದ್ದಾರೆ. ಆ ಚರ್ಚೆ ಪಾಠಶಾಲೆಯ ಗೋಡೆಗಳ ಒಳಗೆ ನಡೆಯುವವರೆಗೆ ಯಾರಿಗೂ ಹಾನಿಯಿಲ್ಲ. ಆದರೆ ಹೆಸರೊಂದು ದಾರಿ ತಪ್ಪಿಸಿದರೆ ಪ್ರಾಣಕ್ಕೇ ಸಂಚಕಾರ ಬರುವ ಸಂದರ್ಭಗಳೂ ಲೋಕವ್ಯವಹಾರದಲ್ಲಿ ಉಂಟು. ಮೋಟಾರಿನ ಬಿಡಿಭಾಗಗಳನ್ನು ಮಾರುವ ಯಾವ ಅಂಗಡಿಗೆ ಹೋಗಿ 'ಬ್ರೇಕ್ ಆಯಿಲ್' ಎಂದು ಕೇಳಿದರೂ ಒಂದು ಸಣ್ಣ ಡಬ್ಬಿಯನ್ನು ಕೊಡುತ್ತಾರೆ. ಗ್ಯಾರೇಜಿನ ಮೇಸ್ತ್ರಿಯೂ ಹಾಗೆಯೇ ಕರೆಯುತ್ತಾನೆ, ಕಾರಿನ ಒಡೆಯನೂ ಹಾಗೆಯೇ ಕರೆಯುತ್ತಾನೆ. ಆದರೆ ಆ ಡಬ್ಬಿಯೊಳಗೆ ಇರುವುದು ಎಣ್ಣೆಯಲ್ಲ. ಎಣ್ಣೆಗೂ ಅದಕ್ಕೂ ಹಾವು ಮುಂಗುಸಿಯ ಸಂಬಂಧ.

ನನ್ನ ಪರಿಚಿತರೊಬ್ಬರ ಬಳಿ ಹಳೆಯ ಅಂಬಾಸಿಡರ್ ಕಾರೊಂದಿದೆ. 1950ರ ದಶಕದ ಕೊನೆಯಲ್ಲಿ ತಯಾರಾಗತೊಡಗಿ 2014ರಲ್ಲಿ ತಯಾರಿಕೆ ನಿಂತುಹೋದ ಆ ಕಾರನ್ನು ಕೇಳುಗರಿಗೆ ಪರಿಚಯಿಸಬೇಕಾಗಿಲ್ಲ. ಒಮ್ಮೆ ಪ್ರಯಾಣದ ನಡುವೆ ಬ್ರೇಕಿನ ತೊಟ್ಟಿಯಲ್ಲಿ ದ್ರವ ಕಡಿಮೆಯಾಗಿರುವುದು ಅವರ ಕಣ್ಣಿಗೆ ಬಿತ್ತು. ದಾರಿಬದಿಯ ಅಂಗಡಿಯವನು, "ಆಯಿಲ್ ತಾನೆ ಸ್ವಾಮಿ?" ಎಂದು ಇಂಜಿನ್ನಿಗೆ ಹಾಕುವ ಎಣ್ಣೆಯನ್ನೇ ಅದಕ್ಕೆ ಸುರಿದುಕೊಟ್ಟ. ಎರಡು ಮೂರು ದಿನ ಏನೂ ಆಗಲಿಲ್ಲ. ಆಮೇಲೆ ಒತ್ತಿದ ಬ್ರೇಕು ಬಿಡದಾಯಿತು. ಚಕ್ರಗಳು ಬಿಗಿದುಕೊಂಡವು, ಡ್ರಮ್ಮುಗಳು ಮುಟ್ಟಲಾರದಷ್ಟು ಕಾದವು. ಬಿಚ್ಚಿ ನೋಡಿದಾಗ ಒಳಗಿನ ರಬ್ಬರಿನ ಬಟ್ಟಲುಗಳು ನೆನೆಹಾಕಿದ ಕಡಲೆಯಂತೆ ಊದಿಕೊಂಡಿದ್ದವು. ಖನಿಜ ತೈಲ ತಗುಲಿದರೆ ಆ ಜಾತಿಯ ರಬ್ಬರಿಗೆ ಆಗುವ ಗತಿ ಅದು. ಕೊನೆಗೆ ರಬ್ಬರಿನ ಭಾಗಗಳನ್ನೆಲ್ಲ ಬದಲಿಸಿ, ಕೊಳವೆಗಳನ್ನೆಲ್ಲ ತೊಳೆಯಬೇಕಾಯಿತು.

ಈ ತಪ್ಪು ಹೆಸರು ಹೇಗೆ ಬಂತು ಎಂಬುದಕ್ಕೂ ಒಂದು ಚರಿತ್ರೆಯಿದೆ. ದ್ರವದ ಒತ್ತಡದಿಂದ ಬ್ರೇಕು ಹಿಡಿಯುವ ಏರ್ಪಾಟಿಗೆ ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ಎಂಬಾತ 1917ರಲ್ಲಿ ಹಕ್ಕುಪತ್ರ ಪಡೆದ. 1921ರಲ್ಲಿ ಡ್ಯೂಸೆನ್‌ಬರ್ಗ್ ಎಂಬ ಕಾರು ನಾಲ್ಕು ಚಕ್ರಗಳಿಗೂ ಅಂಥ ಬ್ರೇಕನ್ನು ಹೊತ್ತು ಮಾರುಕಟ್ಟೆಗೆ ಬಂತು. ಆರಂಭದ ದಿನಗಳಲ್ಲಿ ಬಳಸುತ್ತಿದ್ದ ದ್ರವ ಬಹುಮಟ್ಟಿಗೆ ಹರಳೆಣ್ಣೆ ಮತ್ತು ಆಲ್ಕೊಹಾಲಿನ ಮಿಶ್ರಣ. ನಮ್ಮ ಅಜ್ಜಿಯರು ಮಕ್ಕಳ ನೆತ್ತಿಗೆ ಒತ್ತುತ್ತಿದ್ದ ಅದೇ ಹರಳೆಣ್ಣೆ. ಉಳಿದ ಅನೇಕ ತೈಲಗಳಂತೆ ಅದು ನೈಸರ್ಗಿಕ ರಬ್ಬರನ್ನು ಕೆಡಿಸುವುದಿಲ್ಲ. ಆದ್ದರಿಂದಲೇ ಅದಕ್ಕೆ ಆ ಗೌರವ. ಅಂದಮೇಲೆ 'ಬ್ರೇಕಿನ ಎಣ್ಣೆ' ಎಂಬುದು ಒಂದು ಕಾಲಕ್ಕೆ ಸುಳ್ಳಾಗಿರಲಿಲ್ಲ. ಮುಂದೆ ಹರಳೆಣ್ಣೆಯ ಸ್ಥಾನದಲ್ಲಿ ಗ್ಲೈಕಾಲ್ ಎಂಬ ವರ್ಗದ ರಾಸಾಯನಿಕಗಳು ಬಂದವು. ವಸ್ತು ಬದಲಾಯಿತು, ಹೆಸರು ಉಳಿಯಿತು. ಭಾಷೆಯ ಚರಿತ್ರೆಯಲ್ಲಿ ಇದು ಸಾಮಾನ್ಯ ಸಂಗತಿಯಾದರೂ ಇಲ್ಲಿ ಅದಕ್ಕೆ ತೆರಬೇಕಾದ ಬೆಲೆ ಹೆಚ್ಚು.

ಈ ಏರ್ಪಾಟಿನ ಮೂಲತತ್ತ್ವವನ್ನು ಕಂಡುಕೊಟ್ಟವನು ಬ್ಲೇಸ್ ಪಾಸ್ಕಲ್. ತತ್ತ್ವಚಿಂತಕನೆಂದು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲ ಫ್ರಾನ್ಸಿನ ಅದೇ ಪಾಸ್ಕಲ್. ದ್ರವಗಳ ಸಮತೋಲವನ್ನು ಕುರಿತ ಅವನ ಪ್ರಬಂಧ ಅವನು ತೀರಿಕೊಂಡ ಮರುವರ್ಷ, 1663ರಲ್ಲಿ ಅಚ್ಚಾಯಿತು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದೆಡೆ ಒತ್ತಡ ಹಾಕಿದರೆ ಆ ಒತ್ತಡ ಕುಗ್ಗದೆ ಎಲ್ಲ ದಿಕ್ಕಿಗೂ ಹರಡುತ್ತದೆ ಎಂಬುದೇ ಅದರ ಸಾರ. ಕಾರಿನ ಪೆಡಲನ್ನು ನಾವು 20 ಕಿಲೋಗ್ರಾಂ ಭಾರದಿಂದ ಒತ್ತಿದೆವೆನ್ನೋಣ. ಪೆಡಲು ಸನ್ನೆಗೋಲಿನಂತೆ ಅದನ್ನು ಐದು ಪಟ್ಟು ಮಾಡಿದರೆ 100 ಕಿಲೋಗ್ರಾಂ ಆಯಿತು. ಅದು ಮಾಸ್ಟರ್ ಸಿಲಿಂಡರಿನ 4 ಚದರ ಸೆಂಟಿಮೀಟರು ಅಗಲದ ಕೊಂತವನ್ನು ತಳ್ಳಿದರೆ ದ್ರವದಲ್ಲಿ ಚದರ ಸೆಂಟಿಮೀಟರಿಗೆ 25 ಕಿಲೋಗ್ರಾಂ ಒತ್ತಡ ಏರ್ಪಡುತ್ತದೆ. ಆ ಒತ್ತಡ ಕೊಳವೆಗಳ ಮೂಲಕ ನಾಲ್ಕು ಚಕ್ರಗಳನ್ನೂ ಏಕಕಾಲಕ್ಕೆ ಮುಟ್ಟಿ, ಅಲ್ಲಿನ ಶೂಗಳನ್ನು ಹಿಗ್ಗಿಸಿ ತಿರುಗುವ ಡ್ರಮ್ಮಿಗೆ ಒತ್ತುತ್ತದೆ. ಇಷ್ಟೆಲ್ಲ ನಡೆಯುವುದು ಒಂದು ನಂಬಿಕೆಯ ಮೇಲೆ: ದ್ರವವನ್ನು ಹಿಸುಕಿ ಕುಗ್ಗಿಸಲಾಗದು. ಗಾಳಿಯನ್ನಾದರೋ ಕುಗ್ಗಿಸಬಹುದು. ಕೊಳವೆಯಲ್ಲಿ ಒಂದು ಗುಳ್ಳೆ ಸೇರಿದರೂ ನಮ್ಮ ಕಾಲಿನ ಶ್ರಮ ಆ ಗುಳ್ಳೆಯನ್ನು ಹಿಸುಕುವುದರಲ್ಲಿಯೇ ವ್ಯಯವಾಗುತ್ತದೆ.

ಇನ್ನು ನೀರಿನ ವಿಷಯ. ಮಲೆನಾಡಿನ ಮನೆಗಳಲ್ಲಿ ಆಷಾಢದ ಮಳೆ ಹಿಡಿದಾಗ ಭರಣಿಯೊಳಗಿನ ಉಪ್ಪು ತಾನೇ ನೀರೊಡೆಯುವುದನ್ನು ತಾವು ಕಂಡಿರಬಹುದು. ಗ್ಲೈಕಾಲಿನ ಈ ದ್ರವದ್ದೂ ಅದೇ ಸ್ವಭಾವ. ಗಾಳಿಯ ತೇವವನ್ನು ಸದಾ ಹೀರುತ್ತಿರುತ್ತದೆ. ಡಬ್ಬಿಯ ಮೇಲೆ 'ಡಾಟ್ 3', 'ಡಾಟ್ 4' ಎಂದು ಮುದ್ರಿಸಿರುತ್ತಾರೆ. ಡಾಟ್ ಎಂಬುದು ಅಮೆರಿಕದ ಸಾರಿಗೆ ಇಲಾಖೆಯ ಹೆಸರಿನ ಮೊದಲಕ್ಷರಗಳು. ಡಾಟ್ 3 ದ್ರವ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ನಿಯಮ. ನೂರಕ್ಕೆ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಕುದಿದರೆ ಆವಿ, ಆವಿಯೆಂದರೆ ಮತ್ತೆ ಗುಳ್ಳೆ.

ಅಷ್ಟೊಂದು ಬಿಸಿ ಎಲ್ಲಿಂದ ಬಂತು ಎಂದು ಕೇಳಬಹುದು. ಜನರು ಕುಳಿತ ಕಾರಿನ ತೂಕ ಸುಮಾರು 1200 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿರುವ ಅದನ್ನು ಒಮ್ಮೆ ನಿಲ್ಲಿಸಿದಾಗ ಹುಟ್ಟುವ ಶಾಖ ಅರ್ಧ ಲೀಟರು ತಣ್ಣೀರನ್ನು ಕುದಿಸುವುದಕ್ಕೆ ಸಾಕು. ಅದೇ ಕಾರು ಬ್ರೇಕನ್ನೊಂದನ್ನೇ ನಂಬಿ 500 ಮೀಟರು ಎತ್ತರದ ಘಾಟಿಯನ್ನು ಇಳಿದರೆ ಹುಟ್ಟುವ ಶಾಖ ದೊಡ್ಡದೊಂದು ಕೊಡದಷ್ಟು, ಎಂದರೆ ಸುಮಾರು 18 ಲೀಟರು, ನೀರನ್ನು ಮರಳಿಸೀತು. ಆಗುಂಬೆಯ ತಿರುವುಗಳನ್ನೋ ಚಾರ್ಮಾಡಿಯ ಇಳಿಜಾರನ್ನೋ ಇಳಿಯುವಾಗ, ಮೇಲಿನ ತಿರುವುಗಳಲ್ಲಿ ಸರಿಯಾಗಿಯೇ ಹಿಡಿದ ಬ್ರೇಕು ಕೆಳಗಿನ ತಿರುವುಗಳಲ್ಲಿ ಕೈಕೊಡುವುದಕ್ಕೆ ಇದೊಂದು ಕಾರಣ. ಹಳೆಯ ದ್ರವ ಬಯಲುಸೀಮೆಯ ರಸ್ತೆಯಲ್ಲಿ ತನ್ನ ದೋಷವನ್ನು ತೋರಿಸಿಕೊಳ್ಳುವುದಿಲ್ಲ. ತೋರಿಸುವುದು ಘಾಟಿಯ ನಡುವೆ. ಆದಕಾರಣವೇ ಹತ್ತುವಾಗ ಬೇಕಾಗುವ ಗೇರಿನಲ್ಲಿಯೇ ಇಳಿಯಬೇಕೆಂದು ಅನುಭವಿಗಳು ಹೇಳುವುದು. ಅದಲ್ಲದೆ ಒಳಸೇರಿದ ನೀರು ಉಕ್ಕಿನ ಕೊಳವೆಗೂ ಸಿಲಿಂಡರಿನ ಗೋಡೆಗೂ ತುಕ್ಕು ಹಿಡಿಸುತ್ತದೆ. ಕಾರು ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ದ್ರವವನ್ನು ಪೂರ್ತಿಯಾಗಿ ಬದಲಿಸುವುದು ಒಳ್ಳೆಯ ಪದ್ಧತಿ.

ಮನೆಯಲ್ಲಿಯೇ ಈ ಕೆಲಸ ಮಾಡಲಾದೀತೆ? ತಾಳ್ಮೆಯುಳ್ಳವರಿಗೆ ಆದೀತು. ಮೊದಲು ಕಾಲಿನ ಮಾತನ್ನು ಕೇಳಿಕೊಳ್ಳಬೇಕು. ಪೆಡಲು ಹಿಂಡಿದ ಹತ್ತಿಯಂತೆ ಮೆತ್ತಗಿದ್ದರೆ ಒಳಗೆ ಗಾಳಿಯಿದೆ. ಮೊದಲ ಒತ್ತಿಗೆ ಆಳಕ್ಕೆ ಇಳಿದು, ಬೇಗ ಬೇಗನೆ ಎರಡು ಮೂರು ಬಾರಿ ಒತ್ತಿದಾಗ ಮೇಲೇರಿ ಗಟ್ಟಿಯಾದರೆ ಸಾಮಾನ್ಯವಾಗಿ ಶೂಗಳಿಗೂ ಡ್ರಮ್ಮಿಗೂ ನಡುವೆ ಅಂತರ ಹೆಚ್ಚಿದೆ, ಅದನ್ನು ಸರಿಹೊಂದಿಸಬೇಕು. ಒತ್ತಿ ಹಿಡಿದಾಗ ನಿಧಾನವಾಗಿ ಇಳಿಯುತ್ತ ಹೋದರೆ ಎಲ್ಲಿಯೋ ಸೋರುತ್ತಿದೆ, ಇಲ್ಲವೆ ಮಾಸ್ಟರ್ ಸಿಲಿಂಡರಿನ ರಬ್ಬರು ಸವೆದಿದೆ. ಬ್ರೇಕು ಹಾಕಿದಾಗ ಕಾರು ಒಂದು ಪಕ್ಕಕ್ಕೆ ಎಳೆದರೆ ಒಂದು ಚಕ್ರದ ಲೈನಿಂಗಿಗೆ ಗ್ರೀಸೋ ದ್ರವವೋ ತಗುಲಿರಬಹುದು, ಅಥವಾ ಅಲ್ಲಿನ ಸಿಲಿಂಡರು ಜಡವಾಗಿರಬಹುದು.

ಗಾಳಿ ತೆಗೆದು ಹೊಸ ದ್ರವ ತುಂಬುವ ಕ್ರಮ ಹೀಗೆ. ಕಾರನ್ನು ಸಮನೆಲದ ಮೇಲೆ ನಿಲ್ಲಿಸಿ ಚಕ್ರಗಳಿಗೆ ಅಡೆ ಕೊಡಿ. ಜ್ಯಾಕಿನಿಂದ ಎತ್ತಿದ ಮೇಲೆ ಗಟ್ಟಿಯಾದ ಸ್ಟ್ಯಾಂಡಿನ ಆಸರೆಯಿಲ್ಲದೆ ಕೆಳಗೆ ನುಗ್ಗಬೇಡಿ. ದ್ರವದ ತೊಟ್ಟಿ ಕೆಲವು ಕಾರುಗಳಲ್ಲಿ ಇಂಜಿನ್ನಿನ ಪಕ್ಕದಲ್ಲಿ ಎದ್ದು ಕಾಣುತ್ತದೆ, ಕೆಲವು ಹಳೆಯ ಕಾರುಗಳಲ್ಲಿ ಚಾಲಕನ ಕಾಲಡಿಯ ಹಲಗೆಯ ಕೆಳಗೆ ಅಡಗಿರುತ್ತದೆ. ಮುಚ್ಚಳ ತೆರೆಯುವ ಮುನ್ನ ಸುತ್ತಲಿನ ಧೂಳನ್ನು ಒರೆಸಿ. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭಿಸಿ ಹತ್ತಿರದ ಚಕ್ರದ ಕಡೆಗೆ ಬರುವುದು ಸಾಮಾನ್ಯ ಕ್ರಮ. ಕಾರಿನ ಕೈಪಿಡಿ ಬೇರೆ ಹೇಳಿದ್ದರೆ ಅದೇ ಪ್ರಮಾಣ. ಚಕ್ರದ ಹಿಂಬದಿಯ ನಿಪ್ಪಲಿಗೆ ಪಾರದರ್ಶಕವಾದ ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ದ್ರವವಿರುವ ಗಾಜಿನ ಸೀಸೆಯಲ್ಲಿ ಮುಳುಗಿಸಿ.

ಇಲ್ಲಿಂದ ಮುಂದೆ ಇಬ್ಬರ ಕೆಲಸ. ಒಳಗೆ ಕುಳಿತವರು ಪೆಡಲನ್ನು ಒತ್ತಿ ಹಿಡಿಯಬೇಕು. ಕೆಳಗಿರುವವರು ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸಬೇಕು. ಪೆಡಲು ಕೆಳಗಿಳಿಯುತ್ತದೆ, ಸೀಸೆಯಲ್ಲಿ ಗುಳ್ಳೆಗಳು ಏಳುತ್ತವೆ. ನಿಪ್ಪಲನ್ನು ಬಿಗಿದು 'ಬಿಡು' ಎಂದ ಮೇಲೆಯೇ ಕಾಲು ತೆಗೆಯಬೇಕು. ಅದಕ್ಕೆ ಮೊದಲೇ ತೆಗೆದರೆ ಹೋದ ಗಾಳಿ ಮರಳಿ ಬಂದೀತು. ಹೇಳುವವರ ದನಿ ಕೇಳುವವರಿಗೆ ಸ್ಪಷ್ಟವಾಗಿರಬೇಕು. ಗುಳ್ಳೆ ನಿಂತು, ಕಪ್ಪಗಿದ್ದ ದ್ರವ ತಿಳಿಯಾಗುವ ತನಕ ಹೀಗೆ ಮಾಡಿ ಮುಂದಿನ ಚಕ್ರಕ್ಕೆ ಹೋಗಬೇಕು. ನಡುನಡುವೆ ತೊಟ್ಟಿಯನ್ನು ತುಂಬುತ್ತಿರಬೇಕು. ಅದು ಬರಿದಾದರೆ ಮೊದಲಿನಿಂದ ಆರಂಭ. ಸೀಸೆಗೆ ಬಂದದ್ದನ್ನು ಮತ್ತೆ ಸುರಿಯಕೂಡದು. ಬಹುಕಾಲ ತೆರೆದಿಟ್ಟ ಡಬ್ಬಿಯದೂ ಬೇಡ. ದ್ರವ ಬಣ್ಣದ ಮೇಲೆ ಬಿದ್ದರೆ ಬಣ್ಣ ಸುಲಿಯುತ್ತದೆ. ಕೂಡಲೆ ನೀರಿನಿಂದ ತೊಳೆಯಿರಿ.

ಕೆಲವು ಎಚ್ಚರಿಕೆಗಳನ್ನು ಬೇರೆಯಾಗಿಯೇ ಹೇಳಬೇಕು. ರಬ್ಬರಿನ ಭಾಗಗಳನ್ನು ಪೆಟ್ರೋಲಿನಿಂದಾಗಲಿ ಸೀಮೆಎಣ್ಣೆಯಿಂದಾಗಲಿ ತೊಳೆಯಬಾರದು. ಹೊಸ ಬ್ರೇಕ್ ದ್ರವವೇ ಅದಕ್ಕೆ ಯೋಗ್ಯ. 'ಡಾಟ್ 5' ಎಂಬುದು ಸಿಲಿಕೋನಿನ ದ್ರವ. ಅಂಕಿ ದೊಡ್ಡದೆಂದು ಅದನ್ನು ಗ್ಲೈಕಾಲಿನ ಜೊತೆ ಬೆರೆಸಬಾರದು. ಹಳೆಯ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಆಸ್ಬೆಸ್ಟಾಸ್ ಇರುವ ಸಂಭವವುಂಟು. ಆದ್ದರಿಂದ ಡ್ರಮ್ಮಿನ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಕೆಲಸ ಮುಗಿದ ಮೇಲೆ ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ಅದು ಕಲ್ಲಿನಂತೆ ನಿಂತರೆ, ಎಲ್ಲಿಯೂ ತೇವ ಕಾಣದಿದ್ದರೆ, ಜನರಿಲ್ಲದ ಬಯಲಿನಲ್ಲಿ ನಡಿಗೆಯ ವೇಗದಲ್ಲಿ ಪರೀಕ್ಷಿಸಿ. ಆಮೇಲೆ ರಸ್ತೆ.

ಮಾಸ್ಟರ್ ಸಿಲಿಂಡರನ್ನು ಬಿಚ್ಚುವುದು, ತುಕ್ಕು ತಿಂದ ಕೊಳವೆಯನ್ನು ಬದಲಿಸುವುದು ಮೇಸ್ತ್ರಿಯ ವಿದ್ಯೆ. ಹಳೆಯ ಕಾರುಗಳು ಅನೇಕದರಲ್ಲಿ ನಾಲ್ಕು ಚಕ್ರಗಳಿಗೂ ಸೇರಿ ಒಂದೇ ದ್ರವಮಾರ್ಗ. ಈಚಿನ ಕಾರುಗಳಂತೆ ಒಂದು ಸೋರಿದರೆ ಇನ್ನೊಂದು ಕಾಯುವ ಇಬ್ಬಗೆಯ ಏರ್ಪಾಟು ಅವುಗಳಲ್ಲಿಲ್ಲ. ಒಂದು ಕಡೆ ಒಡೆದರೆ ನಾಲ್ಕೂ ಹೋದಂತೆ. ಆಗ ತಂತಿಯಿಂದ ಎಳೆಯುವ ಕೈಬ್ರೇಕೊಂದೇ ಗತಿ. ಅದನ್ನೂ ಸುಸ್ಥಿತಿಯಲ್ಲಿಟ್ಟುಕೊಳ್ಳಬೇಕು.

ಎತ್ತಿನ ಗಾಡಿಯ ಚಕ್ರಕ್ಕೆ ಒತ್ತಿಕೊಳ್ಳುವ ಮರದ ತುಂಡಿಗೆ ಕನ್ನಡದಲ್ಲಿ 'ಬಿರಿ' ಎಂಬ ಚೊಕ್ಕ ಮಾತಿದೆ. ಗಾಡಿಯವನಿಗೆ ಅದು ಕಣ್ಣೆದುರಿಗೇ ಇತ್ತು. ಸವೆದದ್ದು ಕಾಣುತ್ತಿತ್ತು, ಹಗ್ಗ ಸಡಿಲಾದದ್ದು ಕೈಗೆ ತಿಳಿಯುತ್ತಿತ್ತು. ನಮ್ಮ ಬಿರಿಯಾದರೋ ಕೊಳವೆಗಳೊಳಗೆ ಹುದುಗಿದೆ. ಅದರ ಸ್ಥಿತಿಯನ್ನು ನಾವಾಗಿ ವಿಚಾರಿಸಿಕೊಳ್ಳದೆ ತಿಳಿಯುವಂತಿಲ್ಲ. ನಮ್ಮನ್ನು ನಂಬಿ ಹಿಂದಿನ ಆಸನದಲ್ಲಿ ಕುಳಿತವರಿಗಂತೂ ಅದು ತಿಳಿಯುವುದೇ ಇಲ್ಲ. ರೂಢಿಯ ಮಾತನ್ನು ತಿದ್ದುವುದು ಸುಲಭವಲ್ಲ, ಅಂಗಡಿಯಲ್ಲಿ ತಾವು 'ಬ್ರೇಕ್ ಆಯಿಲ್' ಎಂದೇ ಕೇಳಬಹುದು. ಆದರೆ ಡಬ್ಬಿಯ ಮೇಲಿನ ಬರಹವನ್ನು ಓದಿ, ಕಾರಿಗೆ ಹೇಳಿದ ಅಂಕಿಯೇ ಹೌದೆಂದು ನೋಡಿ, ಮೊಹರು ಒಡೆದಿಲ್ಲವೆಂದು ಖಚಿತಮಾಡಿಕೊಂಡ ಮೇಲೆಯೇ ಹಣ ಕೊಡಿ.