ಫೋನು ಎತ್ತುವವನ ಕೆಲಸ

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ಮಳೆಗಾಲದ ಒಂದು ರಾತ್ರಿ, ಹನ್ನೊಂದು ಹೊಡೆದ ಮೇಲೆ, ನಮ್ಮ ಸಂಘದ ಕೋಣೆಗೆ ಫೋನು ಬಂತು. ಮಾತಾಡಿದವನು ಒಬ್ಬ ಮಾಣಿ. ಎರಡು ತಿಂಗಳ ಸಂಬಳ ಬಾಕಿ, ಊರಲ್ಲಿ ಸಾಲ. "ಸಾಕಾಯಿತು ಅಣ್ಣ, ಇನ್ನು ಬದುಕಿ ಏನು ಮಾಡಲಿ" ಎಂದ. ನಾವೇನು ಮಾಡಿದೆವು? ಬೈದೆವು. "ಹುಚ್ಚುಮಾತು ಆಡಬೇಡ, ತಾಯಿಯ ಮುಖ ನೋಡು, ಬೆಳಿಗ್ಗೆ ಬಾ" ಎಂದೆವು. ಅವನು ಫೋನು ಇಟ್ಟ. ಎಲ್ಲಿಂದ ಮಾತಾಡುತ್ತಿದ್ದಾನೆಂದು ನಾವು ಕೇಳಿಯೇ ಇರಲಿಲ್ಲ! ತಿರುಗಿ ಮಾಡಿದರೆ ಎತ್ತಲಿಲ್ಲ. ನಾಲ್ಕು ಜನ ಮಳೆಯಲ್ಲಿ ಅಲೆದು, ಬೆಳಗಿನ ಜಾವ ಸ್ಟೇಷನ್ನಿನ ಬೆಂಚಿನ ಮೇಲೆ ಅವನನ್ನು ಕಂಡೆವು. ಜೀವಂತ ಇದ್ದ. ಅದು ನಮ್ಮ ಜಾಣತನದಿಂದಲ್ಲ. (ಅವನ ಸಂಬಳ ಆಮೇಲೆ ವಸೂಲಾಯಿತು, ಅದು ಬೇರೆ ಕಥೆ.)

ಫೋನು ಎತ್ತುವುದೂ ಒಂದು ಕಸಬು, ಕಲಿಯದೆ ಬರುವುದಿಲ್ಲ ಎಂದು ಅಂದು ತಿಳಿಯಿತು.

1935ರ ನವೆಂಬರಿನಲ್ಲಿ ಲಂಡನ್ನಿನ ಒಂದು ಮನೆಗೆ ಬೆಂಕಿ ಬಿದ್ದು ಐವರು ಹೆಂಗಸರು ಸತ್ತರು. ನೆರೆಯವರೊಬ್ಬರು ಬೆಂಕಿಯವರಿಗೆ ತಿಳಿಸಲು ಫೋನು ಹಿಡಿದರೆ ಎಕ್ಸ್‌ಚೇಂಜಿನವರು ಕಾಯಿಸಿದರು. ಅವರು ಸಿಟ್ಟಿನಿಂದ ಪತ್ರಿಕೆಗೆ ಬರೆದರು. 1937ರಲ್ಲಿ 999 ಎಂಬ ನಂಬರು ಹುಟ್ಟಿತು. ಆದರೆ ನಂಬರು ಇದ್ದರೆ ಸಾಕೆ? ಅಮೆರಿಕದ ಮೆಂಫಿಸ್ ನಗರದಲ್ಲಿ 1987ರಲ್ಲಿ, ಮಾನಸಿಕ ಕಾಯಿಲೆಯಿದ್ದ, ಕೈಯಲ್ಲಿ ಚಾಕು ಹಿಡಿದಿದ್ದ ತರುಣನನ್ನು ಪೊಲೀಸರು ಗುಂಡಿಕ್ಕಿ ಕೊಂದರು. ಊರೇ ರೊಚ್ಚಿಗೆದ್ದಿತು. ಮರುವರ್ಷ ಪೊಲೀಸರು, ಮನೋವೈದ್ಯರು, ರೋಗಿಗಳ ಮನೆಯವರು ಕೂಡಿ 40 ಗಂಟೆಯ ತರಬೇತು ಏರ್ಪಡಿಸಿದರು. ಕರೆ ತೆಗೆದುಕೊಳ್ಳುವವರಿಗೂ ಅದರ ಪಾಠ ಬೇಕೆಂದು ಈ ಪದ್ಧತಿಯವರು ಹೇಳುತ್ತಾರೆ. ಏಕೆಂದರೆ "ಹುಚ್ಚ ಗಲಾಟೆ ಮಾಡುತ್ತಿದ್ದಾನೆ" ಎಂದು ಬರೆದುಕೊಂಡರೆ ಲಾಠಿ ಹೋಗುತ್ತದೆ. "ಕಾಯಿಲೆಯವನು, ಹೆದರಿದ್ದಾನೆ, ತಾಯಿ ಪಕ್ಕದಲ್ಲಿದ್ದಾಳೆ" ಎಂದು ಕೇಳಿ ಬರೆದುಕೊಂಡರೆ ಕಲಿತ ಮನುಷ್ಯ ಹೋಗುತ್ತಾನೆ. ಸಪ್ಲಾಯರ್ ಆರ್ಡರನ್ನು ತಪ್ಪಾಗಿ ಕೂಗಿದರೆ ಒಳಗೆ ಭಟ್ಟರು ಎಷ್ಟು ಕೈ ಪಳಗಿದವರಾದರೇನು?

ಕಲಿಸುವುದು ದೊಡ್ಡ ವಿದ್ಯೆಯಲ್ಲ. ಮೊದಲು ಸ್ಥಳ ಕೇಳು, ನಂಬರು ಬರೆದುಕೋ. ಸಂಪರ್ಕ ಕಡಿದರೂ ಹುಡುಕಬಹುದು. ನಿನ್ನ ದನಿ ತಗ್ಗಿಸು, ಅವನದೂ ತಗ್ಗುತ್ತದೆ. ವಾದಿಸಬೇಡ, ಬುದ್ಧಿ ಹೇಳಬೇಡ. "ಸಾಯಬೇಕೆಂದು ಅನ್ನಿಸುತ್ತಿದೆಯೇ?" ಎಂದು ನೇರವಾಗಿ ಕೇಳು. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂದು ನಾವೂ ಹೆದರಿದ್ದೆವು. ಹಾಗಿಲ್ಲವೆಂದು ಈ ವಿಷಯ ಬಲ್ಲ ವೈದ್ಯರೆಲ್ಲ ಹೇಳುತ್ತಾರೆ. ಕೇಳಿಸಿಕೊಂಡವರು ಸಿಕ್ಕರೆಂದು ಅವನ ಎದೆ ಹಗುರಾಗುತ್ತದಂತೆ. ಅಪಾಯದ ವಸ್ತು ಹತ್ತಿರವಿದ್ದರೆ ದೂರ ಬಾ ಎನ್ನು. ಪಕ್ಕದಲ್ಲಿ ಯಾರಿದ್ದಾರೆ ಕೇಳು. ಜನ ತಲುಪುವ ತನಕ ಫೋನು ಇಡಬೇಡ. ಅವನು ಸುಮ್ಮನಾದರೆ ನೀನೂ ಸುಮ್ಮನಿರು, ಆದರೆ "ಇದ್ದೇನೆ ತಮ್ಮಾ" ಎನ್ನುತ್ತಿರು. ನಮಗೆ ಕಷ್ಟವಾಗುವುದು ಇದೇ. ಭಾಷಣ ಮಾಡಿ ರೂಢಿಯಾದ ಬಾಯಿ!

ನಮ್ಮ ದೇಶದಲ್ಲಿ ಜೀವಕ್ಕೆ ಅಪಾಯವೆಂದರೆ 112. ಮನಸ್ಸಿನ ಸಂಕಟಕ್ಕೆ 14416, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್. ಹಗಲು ರಾತ್ರಿ ಉಂಟು, ದುಡ್ಡಿಲ್ಲ, ಕನ್ನಡವೂ ಸೇರಿ 20 ಭಾಷೆಗಳಲ್ಲಿ ನಡೆಯುತ್ತದೆ. ಅದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಹಿಂದಿ ಮರಾಠಿಯಲ್ಲಿ ಗಿರಾಕಿಗೆ ಬಿಲ್ಲು ಹೇಳಬಹುದು, ಅಳು ಬರುವುದು ತಾಯಿನುಡಿಯಲ್ಲೇ.

ಆ ಕಡೆ ಫೋನು ಹಿಡಿದು ಕೂತವರೂ ಪಾಳಿಯ ಕೆಲಸಗಾರರೇ ಎಂಬುದನ್ನು ಮರೆಯಬಾರದು. ಸಾವಿನ ಅಂಚಿನ ಮಾತು ಕೇಳಿ ಮುಗಿಸಿದ ಕೂಡಲೇ ಮುಂದಿನ ಗಂಟೆ ಬಾರಿಸುತ್ತದೆ. ನಡುವೆ ಒಂದು ಲೋಟ ಚಹಾ ಕುಡಿಯುವಷ್ಟು ಬಿಡುವು, ಮನಸ್ಸು ಬಿಚ್ಚಲು ಒಬ್ಬ ಹಿರಿಯ, ಇವೂ ತರಬೇತಿನಷ್ಟೇ ಅಗತ್ಯ. ಕೆಲಸಗಾರರ ಸಂಘವೊಂದು ಇದನ್ನು ಹೇಳದಿದ್ದರೆ ಇನ್ನಾರು ಹೇಳಬೇಕು?

ಬರುವ ಭಾನುವಾರ ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದ ಮೇಲೆ, ನಾಲ್ಕು ಗಂಟೆಗೆ, ಸಂಘದ ಕೋಣೆಯಲ್ಲಿ ಅಭ್ಯಾಸಕ್ಕೆ ಕೂರೋಣ. ಒಬ್ಬ ಫೋನು ಮಾಡುವವನು, ಒಬ್ಬ ಎತ್ತುವವನು. ರಾತ್ರಿ ಗಲ್ಲಾದಲ್ಲಿ ಕೂರುವವರು ಮೊದಲು ಹೆಸರು ಕೊಡಬೇಕು. ಕೋಣೆಯ ಫೋನಿನ ಪಕ್ಕ ಆ ಎರಡು ನಂಬರುಗಳನ್ನು ಬರೆದು ಅಂಟಿಸಿದ್ದೇವೆ. ನಿಮ್ಮ ನಿಮ್ಮ ಹೋಟೆಲಿನಲ್ಲೂ ಅಂಟಿಸಿ.