ಮನೆಗೆ ಮರಳಿದ ಹಿರಿಯರು

(ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ)



ಕ್ರಿಸ್ಮಸ್ ಹಬ್ಬದ ಸಂಭ್ರಮ ಇನ್ನೂ ಮುಗಿದಿಲ್ಲ. ಗೋದಲಿಯ ದೀಪಗಳು ಉರಿಯುತ್ತಿವೆ, ಕಜ್ಜಾಯದ ಡಬ್ಬಿ ಖಾಲಿಯಾಗಿಲ್ಲ. ಇಷ್ಟರಲ್ಲೇ ಮಾತೆ ಧರ್ಮಸಭೆಯು ಗೋದಲಿಯಲ್ಲಿ ಮಲಗಿರುವ ಬಾಲಯೇಸುವಿನಿಂದ ನಮ್ಮ ದೃಷ್ಟಿಯನ್ನು ಆ ಮಗು ಬೆಳೆದು ದೊಡ್ಡವನಾದ ನಜರೇತಿನ ಮನೆಯ ಕಡೆಗೆ ತಿರುಗಿಸುತ್ತದೆ. 1921ರಲ್ಲಿ ಪೋಪ್ ಹದಿನೈದನೇ ಬೆನೆಡಿಕ್ಟರು ಪವಿತ್ರ ಕುಟುಂಬದ ಹಬ್ಬವನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. ಈ ಹಬ್ಬದಂದು ನಾವು ಸಾಮಾನ್ಯವಾಗಿ ಮಕ್ಕಳನ್ನು ಬೆಳೆಸುವ ಬಗ್ಗೆ, ಗಂಡ ಹೆಂಡಿರ ಅನ್ಯೋನ್ಯತೆಯ ಬಗ್ಗೆ ಮಾತನಾಡುತ್ತೇವೆ. ಇಂದು ಅದೇ ಕುಟುಂಬದ ಇನ್ನೊಬ್ಬ ಸದಸ್ಯರ ಬಗ್ಗೆ ಯೋಚಿಸೋಣ. ಅವರು ಆಸ್ಪತ್ರೆಯಿಂದ ಮನೆಗೆ ಮರಳಿರುವ ನಮ್ಮ ವೃದ್ಧ ತಂದೆ ಅಥವಾ ತಾಯಿ.

ಈ ಹಬ್ಬದ ವಾಚನಗಳಲ್ಲಿ ಒಂದು ಸಿರಾಖನ ಗ್ರಂಥದ ಮೂರನೆಯ ಅಧ್ಯಾಯದ್ದು. ಸುಮಾರು ಕ್ರಿ.ಪೂ. 180ರ ಹೊತ್ತಿಗೆ ಜೆರುಸಲೇಮಿನ ಜ್ಞಾನಿಯೊಬ್ಬನು ಹೀಬ್ರೂ ಭಾಷೆಯಲ್ಲಿ ಬರೆದದ್ದನ್ನು ಅವನ ಮೊಮ್ಮಗನೇ ಈಜಿಪ್ಟಿನಲ್ಲಿ ಗ್ರೀಕ್ ಭಾಷೆಗೆ ತಂದನು. ಅಜ್ಜನ ಮಾತು ನಮ್ಮವರೆಗೆ ಬಂದದ್ದು ಮೊಮ್ಮಗನು ಅದನ್ನು ಜೋಪಾನ ಮಾಡಿದ್ದರಿಂದ. ಆ ಅಜ್ಜ ಬರೀ ಗೌರವ ಕೊಡಿ ಎಂದು ಹೇಳಿ ಸುಮ್ಮನಾಗುವುದಿಲ್ಲ. ಮುಪ್ಪಿನಲ್ಲಿ ತಂದೆಗೆ ಆಸರೆಯಾಗಬೇಕು, ಬದುಕಿರುವಾಗ ಅವನನ್ನು ನೋಯಿಸಬಾರದು, ಬುದ್ಧಿ ಮಂಕಾದರೂ ಸಹಿಸಿಕೊಳ್ಳಬೇಕು ಎಂದು ತಿಳಿಹೇಳುತ್ತಾನೆ.

ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಮನೆಯಲ್ಲಿ ಎಲ್ಲರಿಗೂ ಸಂತೋಷ. ಸ್ತೋತ್ರ ಸಲ್ಲಿಸುತ್ತೇವೆ, ಹರಕೆ ಪೂಜೆ ಹೇಳಿಸುತ್ತೇವೆ. ನೆಂಟರಿಷ್ಟರು ಹಣ್ಣು ಹಿಡಿದು ಬಂದು ಹೋಗುತ್ತಾರೆ. ಒಂದು ವಾರ ಕಳೆಯುವಷ್ಟರಲ್ಲಿ ಮಗನ ರಜೆ ಮುಗಿಯುತ್ತದೆ, ಮಗಳು ತನ್ನ ಮನೆಗೆ ಹೊರಡುತ್ತಾಳೆ. ಗಂಡಾಂತರ ಕಳೆಯಿತೆಂದು ನಾವು ನಿಟ್ಟುಸಿರು ಬಿಡುತ್ತೇವೆ. ಆದರೆ ನಿಜವಾಗಿ ಎಚ್ಚರದಿಂದ ಇರಬೇಕಾದದ್ದು ಆಗಲೇ. ಹತ್ತು ದಿನ ಹಾಸಿಗೆ ಹಿಡಿದರೂ ಸಾಕು, ವಯಸ್ಸಾದವರ ಕಾಲಿನ ಬಲ ಇಳಿದುಹೋಗುತ್ತದೆ. ನಿದ್ದೆಗೆಟ್ಟಿರುತ್ತದೆ, ಊಟ ಸೇರುವುದಿಲ್ಲ, ಹಳೆಯ ಮಾತ್ರೆಗಳ ಜೊತೆಗೆ ಹೊಸ ಮಾತ್ರೆಗಳು ಸೇರಿರುತ್ತವೆ. ಬಿಡುಗಡೆಯಾದ ಮೊದಲ ಕೆಲವು ವಾರಗಳಲ್ಲೇ ಎಷ್ಟೋ ಹಿರಿಯರು ಬಿದ್ದು, ಅಥವಾ ಮಾತ್ರೆ ಹೆಚ್ಚುಕಡಿಮೆಯಾಗಿ, ಮತ್ತೆ ಆಸ್ಪತ್ರೆ ಸೇರುತ್ತಾರೆ.

ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಯಾಯೀರನ ಮಗಳ ವೃತ್ತಾಂತವಿದೆ. ಯೇಸುಸ್ವಾಮಿ ಸತ್ತ ಹುಡುಗಿಯ ಕೈಹಿಡಿದು ಎಬ್ಬಿಸುತ್ತಾರೆ. ಅವಳು ಎದ್ದು ನಡೆದಾಡುತ್ತಾಳೆ. ಮನೆಯವರೆಲ್ಲ ಆಶ್ಚರ್ಯದಿಂದ ಬೆರಗಾಗಿ ನಿಂತಿದ್ದಾರೆ. ಆಗ ಸ್ವಾಮಿ ಕೊಡುವ ಅಪ್ಪಣೆ ಏನು? ಹುಡುಗಿಗೆ ಊಟ ಕೊಡಿ ಎಂಬುದು! ಅದ್ಭುತ ಮುಗಿಯಿತು, ಇನ್ನು ಮುಂದಿನದು ಮನೆಯವರ ಕೆಲಸ. ಜೀವ ಕೊಟ್ಟ ದೇವರು ಗಂಜಿ ಕಾಯಿಸುವ ಕೆಲಸವನ್ನು ನಮಗೇ ಬಿಟ್ಟಿದ್ದಾರೆ. ಇಂದಿನ ಹಬ್ಬದ ಸಂದೇಶ ಇದೇ ಆಗಿರಲಿ. ಆಸ್ಪತ್ರೆಯಲ್ಲಿ ದೇವರು ಮತ್ತು ವೈದ್ಯರು ಉಳಿಸಿಕೊಟ್ಟ ಜೀವವನ್ನು ಮನೆಯಲ್ಲಿ ಕಾಪಾಡುವುದು ನಮ್ಮ ಪಾಲಿನ ಪ್ರಾರ್ಥನೆ.

ಈ ಪ್ರಾರ್ಥನೆ ಎಲ್ಲಿ ಆರಂಭವಾಗಬೇಕು? ನಗಬೇಡಿ, ಬಚ್ಚಲುಮನೆಯಲ್ಲಿ. ನಮ್ಮ ಮನೆಗಳಲ್ಲಿ ಹಿರಿಯರು ಜಾರಿ ಬೀಳುವುದು ಹೆಚ್ಚಾಗಿ ಅಲ್ಲಿ, ಇಲ್ಲವೇ ರಾತ್ರಿ ಹೊತ್ತು ಅಲ್ಲಿಗೆ ಹೋಗುವ ದಾರಿಯಲ್ಲಿ. ನೆಲ ಒದ್ದೆಯಿಲ್ಲದಂತೆ ಒರೆಸಿಡೋಣ. ಗೋಡೆಗೆ ಗಟ್ಟಿಯಾದ ಹಿಡಿಕೆ ಹಾಕಿಸೋಣ. ಕುಕ್ಕರಗಾಲಲ್ಲಿ ಕೂರಲಾಗದವರಿಗೆ ಕಮೋಡ್ ಕುರ್ಚಿ ತಂದಿಡೋಣ. ಸ್ನಾನಕ್ಕೆ ಕಾಲು ಅಲುಗಾಡದ ಒಂದು ಸ್ಟೂಲ್ ಇರಲಿ. ಒಳಗಿನಿಂದ ಚಿಲಕ ಹಾಕಿಕೊಳ್ಳದಂತೆ ಪ್ರೀತಿಯಿಂದ ಹೇಳೋಣ. ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಒಂದು ಸಣ್ಣ ಬಲ್ಬು ಉರಿಯಲಿ, ಕಾಲಿಗೆ ತೊಡರುವ ಚಾಪೆ, ಕಾಲೊರಸು, ವೈರು ದಾರಿಯಲ್ಲಿ ಬೇಡ. ಮಲಗಿದವರು ಥಟ್ಟನೆ ಏಳಬಾರದು. ಎದ್ದು ಕುಳಿತು, ಎರಡು ನಿಮಿಷ ಕಾಲು ಇಳಿಬಿಟ್ಟು, ತಲೆ ಸುತ್ತುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ನಿಲ್ಲಲಿ. ಕೈಗೆಟಕುವ ಹಾಗೆ ಒಂದು ಪುಟ್ಟ ಗಂಟೆ ಇರಲಿ. ಪೂಜೆಯಲ್ಲಿ ಗಂಟೆಯ ಸದ್ದಿಗೆ ನಾವು ಮೊಣಕಾಲೂರುತ್ತೇವೆ. ಈ ಗಂಟೆಯ ಸದ್ದಿಗೆ ಎದ್ದು ಓಡಿಬಂದರೆ ಅದೂ ಆರಾಧನೆಯೇ.

ಎರಡನೆಯದು ಔಷಧ ಮತ್ತು ಆಹಾರ. ಆಸ್ಪತ್ರೆಯವರು ಕೊಡುವ ಡಿಸ್ಚಾರ್ಜ್ ಚೀಟಿಯನ್ನು ಬೀರುವಿನಲ್ಲಿಟ್ಟು ಮರೆಯುವುದು ಬೇಡ. ಹಳೆಯ ಮಾತ್ರೆಗಳಲ್ಲಿ ಯಾವುದು ನಿಲ್ಲಬೇಕು, ಯಾವುದು ಮುಂದುವರಿಯಬೇಕು ಎಂದು ವೈದ್ಯರನ್ನೇ ಕೇಳೋಣ. ಒಂದೇ ಔಷಧಿಗೆ ಎರಡು ಹೆಸರಿರುವುದರಿಂದ ಎರಡೆರಡು ಪಾಲು ನುಂಗುವ ಅಪಾಯವಿದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸೋಣ. ಮೈಕೈ ನೋವಿಗೆಂದು ಅಂಗಡಿಯಿಂದ ನಾವೇ ಮಾತ್ರೆ ತಂದುಕೊಡಬಾರದು. ಊಟವನ್ನು ಮಲಗಿಸಿ ಉಣ್ಣಿಸಬಾರದು, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ ಉಣ್ಣಿಸಿ, ಉಂಡ ಮೇಲೂ ಅರ್ಧ ಗಂಟೆ ಕೂತಿರಲು ಬಿಡಬೇಕು. ಏಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಬೆನ್ನು ಹುಣ್ಣಾಗುವುದನ್ನು ತಡೆಯಬಹುದು.

ಕೆಲವು ಹಿರಿಯರು ಆಸ್ಪತ್ರೆಯಿಂದ ಬಂದ ಮೇಲೆ ಸಂಜೆಯಾದರೆ ಏನೇನೋ ಮಾತಾಡುತ್ತಾರೆ. ಮಗನನ್ನು ತೀರಿಹೋದ ತಮ್ಮನ ಹೆಸರಿನಿಂದ ಕರೆಯುತ್ತಾರೆ. ಬುದ್ಧಿ ಕೆಟ್ಟಿತೆಂದು ಗದರಬಾರದು, ಮಕ್ಕಳ ಮುಂದೆ ನಗಬಾರದು. ಸಿರಾಖನು ಸಹಿಸಿಕೊಳ್ಳಿ ಎಂದದ್ದು ಈ ಹೊತ್ತಿಗೇ. ಸೋಂಕು, ಔಷಧ, ನಿದ್ದೆಗೇಡುಗಳಿಂದ ಹೀಗಾಗುವುದುಂಟು, ಅನೇಕರಲ್ಲಿ ಕ್ರಮೇಣ ಸರಿಹೋಗುತ್ತದೆ. ಅವರ ಕನ್ನಡಕ ಕೊಟ್ಟು, ದೀಪ ಹಾಕಿ, ಪಕ್ಕದಲ್ಲಿ ಕೂತು ನಿಧಾನವಾಗಿ ಜಪಸರ ಹೇಳಿದರೆ ಆ ಪರಿಚಿತ ಸ್ವರದಿಂದ ಮನಸ್ಸು ಶಾಂತವಾಗುತ್ತದೆ. ಆದರೆ ಗೊಂದಲ ಇದ್ದಕ್ಕಿದ್ದಂತೆ ಬಂದರೆ, ಎಬ್ಬಿಸಿದರೂ ಏಳದಷ್ಟು ಮಂಪರು, ಉಸಿರಾಟದ ತೊಂದರೆ, ಜ್ವರ ಕಂಡರೆ, ಬಿದ್ದು ತಲೆಗೆ ಪೆಟ್ಟಾದರೆ, ನಾಳೆ ನೋಡೋಣ ಎನ್ನದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಈ ಸೇವೆಯ ಭಾರ ಹೊರುವವರು ಯಾರು? ಹೆಚ್ಚಿನ ಮನೆಗಳಲ್ಲಿ ಒಬ್ಬಳೇ ಸೊಸೆ, ಇಲ್ಲವೇ ಮದುವೆಯಾಗದೆ ಉಳಿದ ಒಬ್ಬಳು ಮಗಳು, ಅಥವಾ ತಾನೇ ಎಪ್ಪತ್ತು ದಾಟಿದ ಹೆಂಡತಿ. ಉಳಿದವರು ಹಣ ಕಳಿಸಿ ಫೋನಿನಲ್ಲಿ ಸಲಹೆ ಕೊಡುತ್ತಾರೆ. ಹಣ ಬೇಕು ನಿಜ. ಹಿರಿಯರನ್ನು ಕೈಬಿಟ್ಟ ಮಕ್ಕಳಿಂದ ಜೀವನಾಂಶ ಕೊಡಿಸಲು ನಮ್ಮ ದೇಶದಲ್ಲಿ 2007ರಲ್ಲಿ ಕಾಯ್ದೆಯೇ ಬಂದಿದೆ. ಆದರೆ ರಾತ್ರಿ ಎರಡು ಗಂಟೆಗೆ ಎದ್ದು ತಾಯಿಯ ಬಟ್ಟೆ ಬದಲಿಸುವ ಕೈಯನ್ನು ಯಾವ ಕಾಯ್ದೆಯೂ ಕೊಡಿಸಲಾರದು. ಆದ್ದರಿಂದ ಈ ಹಬ್ಬಕ್ಕೆ ಒಟ್ಟು ಸೇರಿರುವ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಊರಿಗೆ ಮರಳುವ ಮುನ್ನ ಒಂದು ಗಂಟೆ ಕೂತು ಸರದಿ ಗೊತ್ತುಮಾಡಿಕೊಳ್ಳಲಿ. ಯಾವ ತಿಂಗಳು ಯಾರ ರಜೆ, ಆಸ್ಪತ್ರೆಗೆ ಕರೆದೊಯ್ಯುವವರು ಯಾರು, ದಿನವೂ ನೋಡಿಕೊಳ್ಳುವವರಿಗೆ ಬಿಡುವು ಕೊಡುವವರು ಯಾರು. ಇದನ್ನು ಮಾತಾಡದೆ ಬಿಟ್ಟರೆ ಮೊದಲು ಮನಸ್ಸು ಒಡೆಯುತ್ತದೆ, ಆಮೇಲೆ ಮನೆ.

ಆತ್ಮೀಯ ಹಿರಿಯರೇ, ನಿಮ್ಮಲ್ಲೂ ಒಂದು ಮಾತು. ನಾಲ್ಕು ಜನ ನೋಡಿದರೆ ನಾಚಿಕೆ ಎಂದು ವಾಕರ್ ಮೂಲೆಗಿಡಬೇಡಿ. ಮಕ್ಕಳಿಗೆ ಯಾಕೆ ತೊಂದರೆ ಎಂದು ರಾತ್ರಿ ಒಬ್ಬರೇ ಎದ್ದು ಹೋಗಬೇಡಿ. ಪೇತ್ರನು ಕಾಲು ತೊಳೆಸಿಕೊಳ್ಳಲು ಒಪ್ಪದಿದ್ದಾಗ ಯೇಸುಸ್ವಾಮಿ ಬಿಡಲಿಲ್ಲ. ಪುನರುತ್ಥಾನದ ನಂತರ ಅದೇ ಪೇತ್ರನಿಗೆ, ಮುಪ್ಪಿನಲ್ಲಿ ನೀನು ಕೈಚಾಚುವೆ, ಬೇರೊಬ್ಬನು ನಿನಗೆ ಉಡಿಸುವನು ಎಂಬುದಾಗಿ ಮುಂದಿಳಿಸಿದರು. ಸೇವೆ ಮಾಡುವುದು ಶಿಷ್ಯತ್ವವಾದರೆ, ಸೇವೆ ಮಾಡಿಸಿಕೊಳ್ಳಲು ಒಪ್ಪುವುದೂ ಶಿಷ್ಯತ್ವವೇ.

ನಮ್ಮ ಧರ್ಮಕೇಂದ್ರಕ್ಕೂ ಇಲ್ಲಿ ಪಾಲಿದೆ. 2021ರಲ್ಲಿ ಪೋಪ್ ಫ್ರಾನ್ಸಿಸ್‌ರವರು ಜುಲೈ ತಿಂಗಳ ನಾಲ್ಕನೇ ಭಾನುವಾರವನ್ನು ಅಜ್ಜ ಅಜ್ಜಿಯರ ಹಾಗೂ ವೃದ್ಧರ ದಿನವೆಂದು ಸ್ಥಾಪಿಸಿದರು. ಆ ಒಂದು ದಿನ ಹಾರ ಹಾಕಿ ಸನ್ಮಾನಿಸಿದರೆ ಸಾಲದು. ಯಾರ ಮನೆಗೆ ಹಿರಿಯರು ಆಸ್ಪತ್ರೆಯಿಂದ ಬಂದಿದ್ದಾರೆಂದು ಕಿರು ಕ್ರೈಸ್ತ ಸಮುದಾಯದವರು ಗುರುಗಳಿಗೆ ತಿಳಿಸಲಿ. ಪರಮಪ್ರಸಾದ ಮನೆಗೆ ಬರಲಿ. ರೋಗಿಗಳ ಅಭ್ಯಂಗ ಸಂಸ್ಕಾರವನ್ನು ಕೊನೆಯುಸಿರಿನ ಹೊತ್ತಿಗೆಂದು ಕಾದಿಡುವುದು ಬೇಡ. ನೆರೆಯವರು ಒಂದು ಮಧ್ಯಾಹ್ನ ಹಿರಿಯರ ಬಳಿ ಕೂತರೆ ಮನೆಯಾಕೆ ಪೂಜೆಗೆ ಬರಬಹುದು, ಇಲ್ಲವೇ ಕಣ್ತುಂಬ ನಿದ್ದೆಯಾದರೂ ಮಾಡಬಹುದು.

ಸಂತ ಜೋಸೆಫರು ಯೇಸು ಮತ್ತು ಮರಿಯಮ್ಮನವರ ಆರೈಕೆಯಲ್ಲಿ ಕಣ್ಮುಚ್ಚಿದರೆಂದು ಧರ್ಮಸಭೆಯ ಪರಂಪರೆ ನಂಬುತ್ತದೆ. ಲೋಕೋದ್ಧಾರಕನೇ ಮುದಿ ಜೀವವೊಂದಕ್ಕೆ ನೀರು ಕುಡಿಸಿದ ಮನೆ ಅದು. ನಮ್ಮ ಮನೆಯೂ ಹಾಗಾಗಲೆಂದು ಈ ಬಲಿಪೂಜೆಯಲ್ಲಿ ಬೇಡೋಣ. ಯೇಸು, ಮರಿಯ, ಜೋಸೆಫರು ನಮ್ಮ ಹಿರಿಯರನ್ನೂ ಅವರನ್ನು ನೋಡಿಕೊಳ್ಳುವ ಕೈಗಳನ್ನೂ ಹರಸಲಿ. ಆಮೆನ್.